ಅರವತ್ತೆಂಟೇ ಇತ್ತಲ್ಲ ಅಣ್ಣಾ

ಮಂಗಳವಾರ ಮಧ್ಯಾಹ್ನ ಕೋಡಿಬಾಗದ ಹುಡುಗನೊಬ್ಬ ಸ್ಕೂಟರಿನ ಮುಂದೆ ಸಿಪಿಯು ಇಟ್ಟುಕೊಂಡು ಬಂದ. ಪಕ್ಕದ ತಗಡು ತೆಗೆದ ಕೂಡಲೇ ಸುಟ್ಟ ವಾಸನೆ. ಪ್ರೊಸೆಸರ್ ಸಾಕೆಟ್ಟಿನ ಎಡಕ್ಕೆ, ಮದರ್‌ಬೋರ್ಡಿನ ಮೇಲೆ ಕಡಲೆಬೇಳೆಯಷ್ಟು ಜಾಗ ಕಪ್ಪಾಗಿ ಉಬ್ಬಿತ್ತು. ಹುಡುಗ ಅತ್ತ ನೋಡಲೇ ಇಲ್ಲ. ಮೊಬೈಲಿನಲ್ಲಿ ತೆಗೆದಿಟ್ಟ ಸ್ಕ್ರೀನಿನ ಫೋಟೋ ಮುಂದೆ ಹಿಡಿದು, "ಅರವತ್ತೆಂಟೇ ಇತ್ತಲ್ಲ ಅಣ್ಣಾ" ಅಂದ.

ಅವನು ಓವರ್‌ಕ್ಲಾಕ್ ಮಾಡಿದ್ದ, ಅಂದರೆ ಕಂಪನಿ ಕೊಟ್ಟ ವೇಗಕ್ಕಿಂತ ಹೆಚ್ಚಿಗೆ ಪ್ರೊಸೆಸರ್ ಓಡಿಸುತ್ತಿದ್ದ. ಸುಳ್ಳಲ್ಲ, ಫೋಟೋದಲ್ಲಿ 68 ಡಿಗ್ರಿಯೇ ಇತ್ತು. ರೈಝೆನ್ 5 1600 ಪ್ರೊಸೆಸರಿಗೆ ಗರಿಷ್ಠ ಮಿತಿ 95. ಆದರೆ ಆ 68 ಪ್ರೊಸೆಸರಿನದು. ಸುಟ್ಟಿದ್ದು ಅದಕ್ಕೆ ಕರೆಂಟು ಹದ ಮಾಡಿ ಕೊಡುವ ಮಾಸ್‌ಫೆಟ್. ಆ ಬೋರ್ಡಿನಲ್ಲಿ ಅದರ ಬಿಸಿ ಅಳೆಯುವ ಸೆನ್ಸರೇ ಇಲ್ಲ. ಯಾವ ಸಾಫ್ಟ್‌ವೇರ್ ಹಾಕಿದರೂ ಇಲ್ಲದ್ದನ್ನು ಎಲ್ಲಿಂದ ತೋರಿಸುತ್ತದೆ?

ಅವನು ಇಟ್ಟಿದ್ದು 4.0 ಗಿಗಾಹರ್ಟ್ಸ್, 1.425 ವೋಲ್ಟ್. ಬೋರ್ಡ್ ಬಿ350 ಜಾತಿಯದು, ಕರೆಂಟು ಹಂಚಿಕೊಂಡು ಸಾಗಿಸುವ ದಾರಿ, ಅಂದರೆ ಫೇಸ್, ನಾಲ್ಕೇ, ಮಾಸ್‌ಫೆಟ್ ಮೇಲೆ ಬಿಸಿ ಹೀರುವ ಲೋಹದ ಹೀಟ್‌ಸಿಂಕ್ ಇಲ್ಲ. ಪ್ರೊಸೆಸರ್ 120 ವಾಟ್ ಎಳೆಯಿತು ಎಂದುಕೊಂಡರೂ ಆ ವೋಲ್ಟೇಜಿನಲ್ಲಿ ಅದು 84 ಆಂಪಿಯರ್, ಒಂದೊಂದು ಫೇಸಿಗೆ 21. ಆ 120ರ ಹತ್ತರಲ್ಲೊಂದು ಪಾಲು ಮಾಸ್‌ಫೆಟ್‌ಗಳಲ್ಲಿ ಬಿಸಿಯಾಗಿ ಹೋದರೂ 12 ವಾಟ್, ಅಂದರೆ 25 ವಾಟಿನ ಸೋಲ್ಡರಿಂಗ್ ಐರನ್ನಿನ ಅರ್ಧದಷ್ಟು ಕಾವು ಉಗುರಗಲದ ಚೂರುಗಳ ಮೇಲೆ, ತಾಸುಗಟ್ಟಲೆ.

ಇದಕ್ಕಿಂತ ಸಂಕಟ ತಂದದ್ದು ಇನ್ನೊಂದು. ಡಬ್ಬದ ಜೊತೆ ಬಂದ ಫ್ಯಾನ್ ತೆಗೆದು, ದುಡ್ಡು ಕೂಡಿಸಿ ದೊಡ್ಡ ಟವರ್ ಕೂಲರ್ ಹಾಕಿಸಿದ್ದ. ಹಳೇ ಫ್ಯಾನ್ ಗಾಳಿಯನ್ನು ಕೆಳಗೆ ಊದುತ್ತದೆ. ಆ ಗಾಳಿ ಬೋರ್ಡಿಗೆ ಬಡಿದು ಸುತ್ತ ಹರಡುವಾಗ ಮಾಸ್‌ಫೆಟ್‌ಗಳೂ ತಣಿಯುತ್ತವೆ. ಟವರ್ ಕೂಲರ್ ಗಾಳಿಯನ್ನು ಅಡ್ಡ ಹಾಯಿಸಿ ಹಿಂದಕ್ಕೆ ಕಳಿಸುತ್ತದೆ. ಹಾಗಾಗಿ ಪ್ರೊಸೆಸರ್ ತಣ್ಣಗಾಯಿತು, ಪಕ್ಕದ್ದಕ್ಕೆ ಇದ್ದ ಗಾಳಿಯೂ ಹೋಯಿತು. ಕೂಲರ್ ಮಾರಿದವರು ಬೋರ್ಡ್ ಯಾವುದೆಂದು ಒಂದು ಮಾತು ಕೇಳಬೇಕಿತ್ತು. ಹುಡುಗನದು ತಪ್ಪೆಂದು ಹೇಳಲು ನಾಲಿಗೆ ಬರುವುದಿಲ್ಲ. ಕಾಣುವ ಅಂಕಿಯನ್ನು ಅವನು ದಿನಾ ಕಾದಿದ್ದಾನೆ.

ಪ್ರೊಸೆಸರ್ ಉಳಿದಿತ್ತು. ಬುಧವಾರ ಸೆಕೆಂಡ್ ಹ್ಯಾಂಡ್ ಬೋರ್ಡ್ ಸಿಕ್ಕಿತು, ಅದೂ ಬಿ350, ಮಾಸ್‌ಫೆಟ್ ಮೇಲೆ ಸಣ್ಣ ಅಲ್ಯೂಮಿನಿಯಂ ಹೀಟ್‌ಸಿಂಕ್ ಇದ್ದದ್ದು. ಅಗ್ಗಕ್ಕೆ ಸಿಗುತ್ತದೆಂದು ಎ320 ಬೋರ್ಡ್ ತಂದರೆ ಓವರ್‌ಕ್ಲಾಕ್ ಮಾಡಲಿಕ್ಕೇ ಬರುವುದಿಲ್ಲ. ಟವರ್ ಕೂಲರ್ ಇರಲಿ ಎಂದ, ಇರಲಿ. ಹಳೇ ಕೇಸಿನಿಂದ ಬಿಚ್ಚಿದ 80 ಮಿಲಿಮೀಟರ್ ಫ್ಯಾನನ್ನು ಹೀಟ್‌ಸಿಂಕಿಗೆ ನೇರ ಊದುವಂತೆ ಎರಡು ಜಿಪ್ ಟೈ ಹಾಕಿ ಕಟ್ಟಿದ್ದಾಯಿತು. ಇಡೀ ಕೆಲಸದಲ್ಲಿ ಇಷ್ಟು ಕಡಿಮೆ ಖರ್ಚಿಗೆ ಇಷ್ಟು ಉಪಕಾರ ಮಾಡಿದ್ದು ಬೇರೆ ಯಾವುದೂ ಇಲ್ಲ.

ಮೊದಲು ಬೋರ್ಡಿನೊಳಗೇ ಇರುವ ಸೆಟ್ಟಿಂಗ್ ಸಾಫ್ಟ್‌ವೇರ್, ಅಂದರೆ ಬಯಾಸ್, ಅಪ್‌ಡೇಟ್. ಆಮೇಲೆ ಏನನ್ನೂ ಮುಟ್ಟದೆ ಒಂದು ತಾಸು ಭಾರದ ಕೆಲಸ (ಲೋಡ್) ಕೊಟ್ಟು ಅಂಕಿಗಳನ್ನು ಬರೆದಿಟ್ಟುಕೊಳ್ಳಬೇಕು. ನಂತರ ಮಲ್ಟಿಪ್ಲೈಯರ್ 37, ಅಂದರೆ 100 ಮೆಗಾಹರ್ಟ್ಸಿನ ಬೇಸ್ ಕ್ಲಾಕಿನ 37 ಪಟ್ಟು, 3.7 ಗಿಗಾಹರ್ಟ್ಸ್, ವೋಲ್ಟೇಜ್ 1.25. ಬೇಸ್ ಕ್ಲಾಕ್ 100ರಲ್ಲೇ ಇರಲಿ. ಅದನ್ನು ಏರಿಸಿದರೆ ಪ್ರೊಸೆಸರಿನ ಜೊತೆ ಬೇರೆ ಭಾಗಗಳ ಲೆಕ್ಕವೂ ತಪ್ಪಿ ಡಿಸ್ಕಿನಲ್ಲಿರುವ ಫೈಲು ಕೆಡಬಹುದು. ಪ್ರೊಸೆಸರನ್ನು ದಣಿಸಿ ನೋಡುವ ಪ್ರೈಮ್95 ಸಾಫ್ಟ್‌ವೇರ್ ಓಡಿಸುವಾಗ ಅದರ ಲೆಕ್ಕದ ಸಾಲುಗಳಲ್ಲಿ (ವರ್ಕರ್) ಒಂದು ನಿಂತುಹೋದರೆ ಅಥವಾ ನೀಲಿ ಪರದೆ ಬಂದರೆ 0.0125 ವೋಲ್ಟಿನಂತೆ ಏರಿಸುತ್ತ ಹೋಗಿ 1.35ಕ್ಕೆ ನಿಲ್ಲಿಸುವುದು. ಅಷ್ಟಾದರೂ ಮಶೀನು ಸ್ಥಿರವಾಗದಿದ್ದರೆ ವೇಗ ಇಳಿಸಬೇಕು. ಬೂಟ್ ಆಗದಿದ್ದರೆ ಹೆದರುವುದೇನಿಲ್ಲ: ಪ್ಲಗ್ ಕಿತ್ತು, ನಾಣ್ಯದಂಥ ಬ್ಯಾಟರಿಯನ್ನು ಐದು ನಿಮಿಷ ತೆಗೆದಿಟ್ಟರೆ ಬಯಾಸ್ ಮೊದಲಿನಂತಾಗುತ್ತದೆ.

"ನಾಲ್ಕು ಯಾಕೆ ಬೇಡ?" ಎಂದು ಕೇಳಿದ. ಬಿಸಿ ಏರುವುದು ವೇಗದ ಪಟ್ಟಿನಲ್ಲಿ, ವೋಲ್ಟೇಜಿನ ವರ್ಗದ ಪಟ್ಟಿನಲ್ಲಿ. 1.25 ವೋಲ್ಟಿನ 3.7ರಿಂದ 1.425 ವೋಲ್ಟಿನ 4.0ಕ್ಕೆ ಹೋದರೆ ವೇಗ ನೂರಕ್ಕೆ 8 ಹೆಚ್ಚು, ಬಿಸಿ ನೂರಕ್ಕೆ 40 ಹೆಚ್ಚು. ಕಾಗದದ ಮೇಲೆ ಗುಣಿಸಿ ತೋರಿಸಿದಾಗ ಸುಮ್ಮನಾದ. ಅವನಿಗೆ ನಿಜವಾಗಿ ಬೇಕಿದ್ದ ವೇಗ ರ‍್ಯಾಮ್‌ನಲ್ಲಿತ್ತು. ಮೊದಲ ತಲೆಮಾರಿನ ರೈಝೆನ್ನಿನಲ್ಲಿ ಕೋರ್‌ಗಳ ಗುಂಪುಗಳನ್ನು ಜೋಡಿಸುವ ಒಳದಾರಿ ರ‍್ಯಾಮ್ ವೇಗಕ್ಕೇ ಕಟ್ಟುಬಿದ್ದಿದೆ. ಅವನ 3200ರ ರ‍್ಯಾಮ್ ಎರಡು ವರ್ಷದಿಂದ 2133ರಲ್ಲೇ ಓಡುತ್ತಿತ್ತು! 3200ರಲ್ಲಿ ನಿಲ್ಲಲಿಲ್ಲ, ಈ ಪ್ರೊಸೆಸರಿನಲ್ಲಿ ಎಷ್ಟೋ ಸಲ ನಿಲ್ಲುವುದಿಲ್ಲ. 2933ರಲ್ಲಿ ಗಟ್ಟಿಯಾಗಿ ನಿಂತಿತು. ಪ್ರೊಸೆಸರ್ ವೇಗ ಮತ್ತು ರ‍್ಯಾಮ್ ವೇಗ ಎರಡನ್ನೂ ಒಟ್ಟಿಗೆ ಏರಿಸಬಾರದು, ತಪ್ಪಾದರೆ ಯಾವುದರಿಂದ ಎಂದು ತಿಳಿಯುವುದಿಲ್ಲ.

ಹಳೇ ಮಶೀನಿಗೆ ಇಷ್ಟೆಲ್ಲ ಯಾಕೆ, ಹೊಸತು ತಗೊಳ್ಳಿ ಎನ್ನುವವರು ಊರ ತುಂಬ ಇದ್ದಾರೆ. 2017ರ ಪ್ರೊಸೆಸರ್, ಆರು ಕೋರ್, ಹನ್ನೆರಡು ಥ್ರೆಡ್. ಓದುವ ಹುಡುಗನಿಗೆ ಇನ್ನೂ ಸಾಕಷ್ಟು ವರ್ಷ ದುಡಿಯುತ್ತದೆ. ಬೇಕಾದದ್ದು ಕಾಳಜಿ. ಅದರಲ್ಲೂ ನಮ್ಮ ಕರಾವಳಿಯಲ್ಲಿ. ಏಸಿ ರೂಮಿನಲ್ಲಿ ಕೂತವರು ಹೇಳುವ ಅಂಕಿ ಇಲ್ಲಿಗೆ ಹೊಂದುವುದಿಲ್ಲ. ಕೋಣೆ ಹತ್ತು ಡಿಗ್ರಿ ಬಿಸಿಯಿದ್ದರೆ ಒಳಗೂ ಸುಮಾರು ಅಷ್ಟೇ ಏರುತ್ತದೆ. ಉಪ್ಪುಗಾಳಿಗೆ ಅಲ್ಯೂಮಿನಿಯಂ ಮೇಲೆ ಬಿಳಿಪುಡಿ ಕೂರುತ್ತದೆ, ಆರು ತಿಂಗಳಿಗೊಮ್ಮೆ ಬ್ರಶ್ಶಿನಿಂದ ತೆಗೆಯಬೇಕು. ಮಳೆಗಾಲದಲ್ಲಿ ವಾರಗಟ್ಟಲೆ ಮುಚ್ಚಿಡುವುದಕ್ಕಿಂತ ದಿನಾ ಅರ್ಧ ತಾಸು ಹಚ್ಚಿಡುವುದು ಒಳ್ಳೆಯದು.

ಗುರುವಾರ ಮಧ್ಯಾಹ್ನ ಎರಡಕ್ಕೆ, ಸೆಕೆ ಹೆಚ್ಚಿರುವ ಹೊತ್ತು ನೋಡಿಯೇ ಕೊನೇ ಪರೀಕ್ಷೆ. ಇನ್‌ಫ್ರಾರೆಡ್ ಥರ್ಮಾಮೀಟರ್ ಹೊಳೆಯುವ ಲೋಹದ ಮೇಲೆ ಕಡಿಮೆ ತೋರಿಸುತ್ತದೆ, ಅದಕ್ಕೇ ಹೀಟ್‌ಸಿಂಕಿಗೆ ಕಪ್ಪು ಇನ್ಸುಲೇಶನ್ ಟೇಪಿನ ತುಂಡು ಅಂಟಿಸಿತ್ತು. ಒಂದು ತಾಸಾದ ಮೇಲೆ ಪ್ರೊಸೆಸರ್ 66, ಟೇಪಿನ ಮೇಲೆ 74. ಸಣ್ಣ ಫ್ಯಾನಿನ ವೈರ್ ಕಿತ್ತೆವು. ಹತ್ತು ನಿಮಿಷಕ್ಕೆ ಟೇಪಿನ ಮೇಲೆ 97 ಬಂತು. ಸ್ಕ್ರೀನಿನಲ್ಲಿ ಮಾತ್ರ ಅದೇ 66. ಹುಡುಗ ಎರಡನ್ನೂ ಒಮ್ಮೆ ನೋಡಿ, ತಾನೇ ಕೈಹಾಕಿ ಫ್ಯಾನಿನ ವೈರ್ ಮತ್ತೆ ಸಿಕ್ಕಿಸಿದ.