ಮೇ ತಿಂಗಳ ನೀರು, ರೋಹುವಿನ ಹೃದಯ

ಹೋದ ಭಾನುವಾರ ಬಾಗಲಕೋಟೆಯ ಮೀನು ಮಾರ್ಕೆಟ್‌ನಲ್ಲಿ ಒಂದೂವರೆ ಕೆಜಿ ತೂಗುವ ರೋಹು ತಗೊಂಡೆ. ಆಲಮಟ್ಟಿ ಹಿನ್ನೀರಿನದು, ಇನ್ನೂ ಬಾಲ ಬಡಿಯುತ್ತಿತ್ತು. ಮಾರುವ ಅಕ್ಕ ಹೊಟ್ಟೆ ಸೀಳಿದಾಗ ಕಿವಿರಿನ ಹಿಂದೆ, ಗಂಟಲ ಕೆಳಗೆ ಗೋಡಂಬಿಯಷ್ಟು ದೊಡ್ಡ ಕೆಂಪು ಗಂಟು ಕಂಡಿತು. ಅದೇ ಹೃದಯ. ಕಿತ್ತು ಪಕ್ಕಕ್ಕೆ ಹಾಕಿದ ಮೇಲೂ ಮಿಡಿಯುತ್ತಲೇ ಇತ್ತು! "ಇನ್ನೂ ಸ್ವಲ್ಪ ಹೊತ್ತು ಹಿಂಗ ಕುಣೀತೈತ್ರಿ" ಅಂದರು ಅಕ್ಕ, ಕೈ ನಿಲ್ಲಿಸದೆ. ಬಡಿತ ಹುಟ್ಟುವುದು ಹೃದಯದೊಳಗೇ, ಅದಕ್ಕೇ ಹಾಗೆ.

ನನಗೆ ಬೀಳಗಿ ಹತ್ತಿರದ ಕಾಕಾನ ಕೃಷಿಹೊಂಡ ನೆನಪಾಯಿತು. ಹೋದ ವರ್ಷ ಮೇ ತಿಂಗಳು, ನಸುಕಿನ 5 ಗಂಟೆ, ಮೀನೆಲ್ಲ ಮೇಲೆ ಬಂದು ಬಾಯಿ ತೆರೆದು ನಿಂತಿದ್ದವು. "ತಮ್ಮಾ, ಉಸಿರು ಸಾಲವಲ್ದು ಅವಕ್ಕ" ಅಂತ ಕಾಕಾ ಪಂಪಿನ ಕಡೆ ಓಡಿದರು. ರಾತ್ರಿ ಬಿಸಿಲಿಲ್ಲ, ಪಾಚಿ ಆಮ್ಲಜನಕ ಕೊಡುವುದಿಲ್ಲ, ಬದಲಿಗೆ ತಾನೇ ಕುಡಿಯುತ್ತದೆ, ಹಾಗಾಗಿ ಬೆಳಗಿನ ಜಾವಕ್ಕೆ ನೀರಲ್ಲಿ ಆಮ್ಲಜನಕ ಖಾಲಿ. ಸಾಲದ್ದಕ್ಕೆ ಬಿಸಿ ನೀರಲ್ಲಿ ಆಮ್ಲಜನಕ ಕರಗುವುದೇ ಕಮ್ಮಿ: 20 ಡಿಗ್ರಿಯಲ್ಲಿ ಲೀಟರಿಗೆ ಸುಮಾರು 9 ಮಿಲಿಗ್ರಾಂ ಹಿಡಿಯುವ ನೀರು 30 ಡಿಗ್ರಿಯಲ್ಲಿ ಸುಮಾರು 7.5ಕ್ಕೆ ಇಳಿಯುತ್ತದೆ.

ಆಗ ಒಳಗೆ ಹೃದಯ ಏನು ಮಾಡುತ್ತದೆ? ನಮಗೆ ಉಸಿರು ಕಟ್ಟಿದರೆ ಎದೆ ಡವಡವ ಹೊಡೆದುಕೊಳ್ಳುತ್ತದೆ, ಅಲ್ವಾ? ಹೆಚ್ಚಿನ ಮೀನುಗಳಲ್ಲಿ ಬಡಿತ ನಿಧಾನ ಆಗುತ್ತದೆ. ಮೀನಿನ ರಕ್ತ ಹೃದಯದಿಂದ ಕಿವಿರಿಗೆ, ಅಲ್ಲಿಂದ ಮೈಯೆಲ್ಲ ಸುತ್ತಿ ಮತ್ತೆ ಹೃದಯಕ್ಕೆ, ಒಂದೇ ಸುತ್ತು. ಎಲ್ಲರೂ ಉಂಡು ಉಳಿದದ್ದೇ ಹೃದಯದ ಪಾಲು. ಸ್ಪಂಜಿನಂಥ ಅದರ ಗೋಡೆ ಆ ಉಳಿದ ರಕ್ತದಿಂದಲೇ ಆಮ್ಲಜನಕ ಹೀರಬೇಕು. ಕಿವಿರು ಕೊರತೆ ಪತ್ತೆ ಹಚ್ಚಿದ ಕೂಡಲೇ ಮಿದುಳಿನ ಮೂಲಕ ಲಗಾಮು ಬೀಳುತ್ತದೆ. ಬಡಿತ ನಿಧಾನವಾದರೆ ರಕ್ತ ಒಳಗೆ ಜಾಸ್ತಿ ಹೊತ್ತು ನಿಲ್ಲುತ್ತದೆ, ಹೀರಿಕೊಳ್ಳಲು ಸಮಯ ಸಿಗುತ್ತದೆ, ಒಂದೊಂದು ಬಡಿತಕ್ಕೂ ಹೆಚ್ಚು ರಕ್ತ ಹೊರಬೀಳುತ್ತದೆ. ಎಂಥ ಜಾಣತನ!

ಚಳಿ ನೀರಿನ ಟ್ರೌಟ್ ಮೀನಿನ ಕಥೆ ಬೇರೆ. ವಾರಗಟ್ಟಲೆ ತಣ್ಣಗಿನ ನೀರಲ್ಲಿದ್ದರೆ ಅದರ ಹೃದಯ ಗಾತ್ರದಲ್ಲೇ ದೊಡ್ಡದಾಗುತ್ತದೆ. ನಮ್ಮ ರೋಹು, ಕಟ್ಲಾಗಳ ಬಳಗದ್ದೇ ಆದ ಯುರೋಪಿನ ಕ್ರೂಷಿಯನ್ ಕಾರ್ಪ್ ಅಂತೂ ಹಿಮ ಮುಚ್ಚಿದ ಕೆರೆಯಲ್ಲಿ ಆಮ್ಲಜನಕವೇ ಇಲ್ಲದೆ ತಿಂಗಳುಗಟ್ಟಲೆ ಬದುಕುತ್ತದೆ. ಮೈಯಲ್ಲೇ ಆಲ್ಕೋಹಾಲ್ ತಯಾರಿಸಿ ಕಿವಿರಿನಿಂದ ಹೊರಗೆ ಬಿಡುತ್ತದೆ, ಹೃದಯ ಬಡಿಯುತ್ತಲೇ ಇರುತ್ತದೆ.

ಆದರೆ ಅಲ್ಲಿ ಚಳಿ ಇದೆ, ಮೈಗೆ ಬೇಕಾದದ್ದೂ ಕಮ್ಮಿ. ನಮ್ಮ ಕಡೆ ಹಾಗಲ್ಲ. ಬಿಸಿ ನೀರು ಬಡಿತ ಏರಿಸು ಅನ್ನುತ್ತದೆ, ಆಮ್ಲಜನಕದ ಕೊರತೆ ಇಳಿಸು ಅನ್ನುತ್ತದೆ, ಅಷ್ಟು ಪುಟ್ಟ ಹೃದಯವನ್ನು ಎರಡೂ ಕಡೆ ಜಗ್ಗಿದಂತೆ. ಬಿಸಿ ಒಂದು ಮಿತಿ ದಾಟಿದರೆ ಬಡಿತದ ತಾಳವೇ ತಪ್ಪುತ್ತದೆ.

ಇದನ್ನೆಲ್ಲ ಕಾಕಾಗೆ ಹೇಳಿದೆ. ಅವರು ಸುಮ್ನೆ ಕೇಳಿಸಿಕೊಂಡರು. ಈಗ ಬೇಸಿಗೆಯಲ್ಲಿ ಸಂಜೆ ಮೇವು ಹಾಕುವುದಿಲ್ಲ, ಅರಗಿಸಲೂ ಆಮ್ಲಜನಕ ಬೇಕಲ್ಲ. ಕರೆಂಟ್ ಇದ್ದ ದಿನ ರಾತ್ರಿ 3ಕ್ಕೇ ಎದ್ದು ಪಂಪ್ ಹಚ್ಚಿ, ನೀರು ಮೇಲಕ್ಕೆ ಚಿಮ್ಮುವ ಹಾಗೆ ಪೈಪು ಎತ್ತಿ ಕಟ್ಟುತ್ತಾರೆ.