ಲಿಥುವೇನಿಯಾದ ಅಡ್ಡಹೆಸರು: ಬುಡ ನೋಡಿ, ಬಾಲವನ್ನೂ ನೋಡಿ

ಕಲಬುರಗಿಯ ಯಾವ ಶಾಲೆಯ ಹಾಜರಿ ಪುಸ್ತಕ ತೆಗೆದರೂ ಪಾಟೀಲ, ಕುಲಕರ್ಣಿ, ಗುತ್ತೇದಾರ, ಹೂಗಾರ, ಬಡಿಗೇರ ಸಿಕ್ಕೇ ಸಿಗುತ್ತಾರೆ. ನಮ್ಮ ಕಡೆ ಅಡ್ಡಹೆಸರು ಎಂದರೆ ಹುದ್ದೆ, ಕಸುಬು, ಇಲ್ಲವೇ ಊರು. ಯುರೋಪಿನ ಲಿಥುವೇನಿಯಾದಲ್ಲೂ ಕಸುಬಿನ ಹೆಸರುಗಳಿವೆ: ಕಲ್ವಿಸ್ ಕಂಬಾರ, ಪುವೋಜ್ಯುಸ್ ಕುಂಬಾರ, ದೈಲಿದೆ ಬಡಿಗ. ಆದರೆ ಅಲ್ಲಿ ಅಪ್ಪನ ಹೆಸರಿನಿಂದ ಹುಟ್ಟಿದವು ಬಹಳ.

ಪೆತ್ರಸ್ ಎಂಬ ಒಂದೇ ಹೆಸರು ತಗೊಳ್ಳಿ. ಪೆತ್ರೈತಿಸ್, ಪೆತ್ರೇನಸ್, ಪೆತ್ರೋನಿಸ್, ಪೆತ್ರೌಸ್ಕಸ್, ಪೆತ್ರಾವಿಚ್ಯುಸ್ ಎಲ್ಲದರ ಬುಡದಲ್ಲಿ ಕುಳಿತವನು ಅವನೇ. ‘ಐತಿಸ್’ ಬಾಲ ಹೆಚ್ಚಾಗಿ ಪಶ್ಚಿಮ, ನೈಋತ್ಯದ ಕಡೆಯದು, ‘ಏನಸ್’ ಈಶಾನ್ಯದ್ದು. ಹಾಗಂತ ಬಾಲ ನೋಡಿ ಊರು ಹೇಳಿಬಿಡಬೇಡಿ, ಜನ ಗುಳೆ ಹೋಗಿರುತ್ತಾರೆ.

‘ಔಸ್ಕಸ್’, ‘ವಿಚ್ಯುಸ್’ ಬಾಲಗಳು ಪೋಲಿಶ್, ರಷ್ಯನ್‌ನಂಥ ಸ್ಲಾವ್ ಭಾಷೆಗಳಿಂದ ಬಂದವು. ಪೋಲೆಂಡಿನ ಜೊತೆ ಒಂದೇ ರಾಜ್ಯವಾಗಿದ್ದ ಕಾಲದಲ್ಲಿ ಚರ್ಚಿನ ದಾಖಲೆಗಳನ್ನು ಲ್ಯಾಟಿನ್, ಪೋಲಿಶ್‌ನಲ್ಲಿ ಬರೆಯುತ್ತಿದ್ದರು, ಮುಂದೆ ರಷ್ಯನ್ನಿನಲ್ಲಿ. ಬರೆಯುವವನ ಕೈಯಲ್ಲಿ ರೈತನ ಹೆಸರಿನ ಬಾಲ ಬದಲಾಗುತ್ತಿತ್ತು. ಅಲ್ಲಿ ಅತಿ ಹೆಚ್ಚು ಕಾಣುವ ಕಜ್ಲೌಸ್ಕಸ್‌ನ ಬುಡ ಆಡಿಗೆ ಸ್ಲಾವ್ ಜನ ಹೇಳುವ ಮಾತು. ಇದನ್ನು ಕಂಡು ‘ಇವರ ಹಿರಿಯರು ಪೋಲಿಷರು’ ಎನ್ನುವುದು ಅವಸರದ ತೀರ್ಮಾನ. ‘ದಾರ’ ಪಾರಸಿ ಬಾಲ ಅಂತ ಆಳಂದದ ಗುತ್ತೇದಾರರನ್ನು ಇರಾನಿಗೆ ಕಳಿಸುತ್ತೀರೇನು?

ನಿಜವಾದ ಗೊಂದಲ ಹೆಂಗಸರ ಹೆಸರಿನಲ್ಲಿ. ಗಂಡ ಪೆತ್ರೌಸ್ಕಸ್ ಆದರೆ ಹೆಂಡತಿ ಪೆತ್ರೌಸ್ಕಿಯೆನೆ, ಮದುವೆಯಾಗದ ಮಗಳು ಪೆತ್ರೌಸ್ಕೈತೆ. ಒಂದೇ ಮನೆ, ಮೂರು ಅಡ್ಡಹೆಸರು. ಮಗಳ ಬಾಲ ಅಪ್ಪನ ಹೆಸರಿನ ಕೊನೆಯನ್ನು ಹಿಡಿದು ಬರುತ್ತದೆ: ‘ಅಸ್’ ಇದ್ದರೆ ‘ಐತೆ’, ‘ಇಸ್’ ಇದ್ದರೆ ‘ಈತೆ’. 2009ರಿಂದ 2019ರವರೆಗೆ ಅಧ್ಯಕ್ಷರಾಗಿದ್ದ ದಾಲಿಯಾ ಗ್ರಿಬೌಸ್ಕೈತೆ ಮದುವೆಯಾಗಿರಲಿಲ್ಲ, ಹೆಸರಿನ ಬಾಲವೂ ಮಗಳದೇ. ಅವರ ನಂತರ ಬಂದ ಗಿತಾನಸ್ ನೌಸೇದಾ ಅವರ ಪತ್ನಿ ದಿಯಾನಾ ನೌಸೇದಿಯೆನೆ. ಮದುವೆಯ ಸುದ್ದಿ ಹೆಸರಿನಲ್ಲೇಕೆ ಎಂಬ ತಕರಾರು ಎದ್ದು, 2003ರಿಂದ ಬರೀ ‘ಎ’ ಬಾಲ ಇಟ್ಟುಕೊಳ್ಳುವ ಅವಕಾಶವೂ ಇದೆ. ಒಳ್ಳೆಯ ಕೆಲಸ.

ಇದು ಗೊತ್ತಿಲ್ಲದೆ ಕಂಪ್ಯೂಟರಿನಲ್ಲಿ ಹುಡುಕಿದರೆ ಅರ್ಧ ಕುಟುಂಬ ಕಾಣೆಯಾಗುತ್ತದೆ. ಪೂರ್ತಿ ಹೆಸರು ಹೊಡೆಯದೆ, ಬಾಲ ಬಿಟ್ಟು ‘ಪೆತ್ರೌಸ್ಕ್’ ತನಕದ ಅಕ್ಷರಗಳನ್ನಷ್ಟೇ ಕೊಡಿ. ವಿಭಕ್ತಿಯೂ ಹೆಸರಿಗೇ ಅಂಟುತ್ತದೆ. ರಾಜಧಾನಿ ವಿಲ್ನಿಯಸ್‌ನ ರಸ್ತೆ ಫಲಕದ ಮೇಲೆ ‘ಬಸಾನಾವಿಚ್ಯೌಸ್’ ಎಂದಿದ್ದರೆ ಆ ಮನುಷ್ಯನ ಹೆಸರು ಬಸಾನಾವಿಚ್ಯುಸ್. ನಾವು ‘ಪಾಟೀಲರ ಓಣಿ’ ಎಂದಂತೆಯೇ. ಅರ್ಜಿ ತುಂಬುವಾಗ ಮಾತ್ರ ಈ ವ್ಯಾಕರಣವನ್ನೆಲ್ಲ ಬದಿಗಿಟ್ಟು, ಪಾಸ್‌ಪೋರ್ಟಿನಲ್ಲಿ ಇದ್ದದ್ದನ್ನು ಅಕ್ಷರಕ್ಕೆ ಅಕ್ಷರ ಇಳಿಸಿ. ತಾಯಿ ಮಗಳ ಹೆಸರು ಬೇರೆ ಇದೆಯೆಂದು ತಿದ್ದಲು ಹೋಗಬೇಡಿ.