ಮುಂಬಯಿಯ ಭೇಂಡಿ ಬಜಾರ್: ಗೈಡಿಗೆ ದುಡ್ಡು ಕೊಡಬೇಡಿ, ನೀವೇ ನಡೆಯಿರಿ

ಮೊದಲೇ ಹೇಳಿಬಿಡುತ್ತೇನೆ. ಮುಂಬಯಿಯ ಮುಸ್ಲಿಂ ಕಲೆ, ಮಸೀದಿ, ಹಳೆ ಮೊಹಲ್ಲಾ ನೋಡಬೇಕು ಅಂತ ಹೊರಟವರು "ಹೆರಿಟೇಜ್ ವಾಕ್" ಹೆಸರಿನಲ್ಲಿ ತಲೆಗೆ 1,200 ರೂಪಾಯಿ ಕೊಡಬೇಡಿ. ನಾವು ಮೂರು ಜನ ಕೊಟ್ಟೆವು. ಎರಡೂವರೆ ಗಂಟೆಯ ಸುತ್ತಾಟದಲ್ಲಿ ಮುಕ್ಕಾಲು ಗಂಟೆ ಅತ್ತರಿನ ಅಂಗಡಿಯಲ್ಲಿ ಕಳೆಯಿತು, ಅರ್ಧ ಗಂಟೆ ಕುರ್ತಾ ಅಂಗಡಿಯಲ್ಲಿ. ಮಸೀದಿಗಳನ್ನು ಗೈಡ್ ರಸ್ತೆಯ ಆಚೆ ಬದಿಯಿಂದ ಬೆರಳು ಮಾಡಿ ತೋರಿಸಿದ. ಮೊಘಲ್ ಮಸೀದಿಗೆ ಆ ಹೆಸರು ಯಾಕೆ ಅಂತ ಮಗಳು ಕೇಳಿದಳು. "ಮೊಘಲರು ಕಟ್ಟಿದ್ದು" ಅಂದ. ಅದು ತಪ್ಪು. 1860ರಲ್ಲಿ ಇರಾನಿನ ಶಿರಾಜ್ ಮೂಲದ ವ್ಯಾಪಾರಿಯೊಬ್ಬರು ಕಟ್ಟಿಸಿದ ಮಸೀದಿ ಅದು. ಆ ಕಾಲದ ಮುಂಬಯಿಯಲ್ಲಿ ಇರಾನಿನಿಂದ ಬಂದವರನ್ನು ಮೊಘಲರು ಅಂತ ಕರೆಯುತ್ತಿದ್ದರು, ಅಷ್ಟೇ. ದುಡ್ಡು ಹೋದದ್ದಕ್ಕಿಂತ ಮಗುವಿಗೆ ಸುಳ್ಳು ಹೇಳಿದ್ದು ನನಗೆ ಜಾಸ್ತಿ ನೋವಾಯಿತು. ಎರಡು ದಿನ ಬಿಟ್ಟು ಅದೇ ಓಣಿಗಳನ್ನು ನಾವೇ ನಡೆದು ನೋಡಿದೆವು. ಖರ್ಚಾದದ್ದು ಊಟ-ಚಹಾಕ್ಕೆ ಮಾತ್ರ.

ನಾನು ವಿಜಯಪುರದ ಹೈಸ್ಕೂಲಿನಲ್ಲಿ ಡ್ರಾಯಿಂಗ್ ಟೀಚರ್. ಗೋಳಗುಮ್ಮಟ ನೋಡುತ್ತಲೇ ದೊಡ್ಡವಳಾದವಳು. ನಮ್ಮೂರಿನ ಆದಿಲ್‌ಶಾಹಿ ಕಾಲದ ಚಿತ್ರಗಳು ಎಲ್ಲೆಲ್ಲೋ ಹಂಚಿ ಹೋಗಿವೆ, ದಖನಿ ಚಿತ್ರಗಳ ಒಳ್ಳೆಯ ಸಂಗ್ರಹ ಮುಂಬಯಿಯ ಮ್ಯೂಸಿಯಮ್ಮಿನಲ್ಲಿದೆ ಅಂತ ಓದಿದ್ದೆ. ಹೋಗಬೇಕು ಅನ್ನುವ ಆಸೆ ಹತ್ತು ವರ್ಷದ್ದು. ಈ ದಸರಾ ರಜೆಯಲ್ಲಿ ಕೂಡಿ ಬಂತು.

ಬಸ್ಸಿನ ಕಥೆ ಕೇಳಿ. ರೈಲು ಟಿಕೆಟ್ ಸಿಗಲಿಲ್ಲ ಅಂತ ಖಾಸಗಿ ಸ್ಲೀಪರ್ ಬಸ್ ಹಿಡಿದೆವು. ಟಿಕೆಟ್ಟಿನಲ್ಲಿ ದಾದರ್ ಅಂತ ಸ್ಪಷ್ಟವಾಗಿ ಬರೆದಿತ್ತು. ರಾತ್ರಿಯೆಲ್ಲ ಏಸಿಯಿಂದ ಹಾಸಿಗೆ ಮೇಲೆ ನೀರು ತೊಟ್ಟಿಕ್ಕುತ್ತಿತ್ತು. ಹೇಳಿದರೆ ಕ್ಲೀನರ್ ಹುಡುಗ ಒಂದು ಹಳೆ ಪೇಪರ್ ತಂದು ಸಿಕ್ಕಿಸಿ ಹೋದ. ಬೆಳಗಿನ ಜಾವ ನಾಲ್ಕೂವರೆಗೆ ಚೆಂಬೂರಿನ ಫ್ಲೈಓವರ್ ಕೆಳಗೆ ನಿಲ್ಲಿಸಿ "ಇಳೀರಿ ಇಳೀರಿ, ಲಾಸ್ಟ್ ಸ್ಟಾಪ್" ಅಂದರು. ದಾದರ್ ಅಂದರೆ "ಒಳಗೆ ದೊಡ್ಡ ಗಾಡಿ ಬಿಡಲ್ಲ ಮೇಡಂ" ಅಂತ ಉತ್ತರ. ಅದು ಟಿಕೆಟ್ ಮಾರುವಾಗ ಗೊತ್ತಿರಲಿಲ್ಲವೇ? ನಮ್ಮ ಜೊತೆ ನಮ್ಮ ಜಿಲ್ಲೆಯ ಇಂಡಿ ಊರಿನಿಂದ ಆಸ್ಪತ್ರೆಗೆ ಬಂದಿದ್ದ ಅಜ್ಜಿ ಒಬ್ಬರಿದ್ದರು. ಕತ್ತಲಲ್ಲಿ ಗಂಟು ಹಿಡಿದು ಫುಟ್‌ಪಾತಿನ ಮೇಲೆ ಕೂತುಬಿಟ್ಟರು. ಅವರನ್ನೂ ಕೂರಿಸಿಕೊಂಡು ಟ್ಯಾಕ್ಸಿ ಮಾಡಿದೆವು, 600 ರೂಪಾಯಿ. ಕೊನೆಯ ಸ್ಟಾಪಿನ ತನಕ ಬಸ್ ಹೋಗುತ್ತದೋ ಇಲ್ಲವೋ ಅಂತ ಹೊರಡುವ ದಿನ ಡ್ರೈವರನ್ನೇ ಕೇಳಿ. ಬುಕಿಂಗ್ ಆಫೀಸಿನವರ ಮಾತು ನಂಬಬೇಡಿ. ರೂಮಿನ ಬಗ್ಗೆ ಜಾಸ್ತಿ ಹೇಳುವುದಿಲ್ಲ. ದೊಡ್ಡ ಸ್ಟೇಷನ್ನಿನ ಹತ್ತಿರ 2,800ಕ್ಕೆ ಸಿಕ್ಕಿದ್ದು ಕಿಟಕಿ ಇಲ್ಲದ, ಪ್ಲೈವುಡ್ ಗೋಡೆಯ ಗೂಡು. ಪಕ್ಕದವರು ಕೆಮ್ಮಿದರೆ ನಮಗೆ ಎಚ್ಚರ.

ಮ್ಯೂಸಿಯಮ್ಮಿಗೆ ಬರೋಣ. ಛತ್ರಪತಿ ಶಿವಾಜಿ ಮಹಾರಾಜ ವಸ್ತು ಸಂಗ್ರಹಾಲಯ, ಹಳಬರ ಬಾಯಲ್ಲಿ ಪ್ರಿನ್ಸ್ ಆಫ್ ವೇಲ್ಸ್ ಮ್ಯೂಸಿಯಂ. 1905ರಲ್ಲಿ ಅಡಿಗಲ್ಲು ಬಿತ್ತು, ಜನರಿಗೆ ತೆರೆದದ್ದು 1922ರಲ್ಲಿ. ನಡುವೆ ಮೊದಲ ಮಹಾಯುದ್ಧ ಬಂದು ಕಟ್ಟಡ ಸೈನಿಕರ ಆಸ್ಪತ್ರೆಯಾಗಿತ್ತು. ಒಳಗೆ ಕಾಲಿಟ್ಟವರು ತಕ್ಷಣ ಗ್ಯಾಲರಿಗೆ ಓಡಬೇಡಿ. ನಡುಮನೆಯಲ್ಲಿ ನಿಂತು ತಲೆ ಎತ್ತಿ. ವಾಸ್ತುಶಿಲ್ಪಿ ಜಾರ್ಜ್ ವಿಟೆಟ್ ಒಳಗಿನ ಕಮಾನುಗಳಿಗೆ ಮಾದರಿಯಾಗಿ ಇಟ್ಟುಕೊಂಡದ್ದು ನಮ್ಮ ಗೋಳಗುಮ್ಮಟವನ್ನು. ಕಮಾನುಗಳು ಒಂದನ್ನೊಂದು ಹಾದು ಮೇಲಕ್ಕೆ ಹೋಗುವ ರೀತಿ ನನಗೆ ಕಣ್ಣು ಮುಚ್ಚಿದರೂ ಬಿಡಿಸಲು ಬರುತ್ತದೆ. ಮನೆಯಿಂದ ಅಷ್ಟು ದೂರ ಬಂದು ಅದನ್ನೇ ಕಂಡಾಗ ಗಂಟಲು ಕಟ್ಟಿತು.

ಅಕ್ಬರನ ಎದೆಗವಚ, ಗುರಾಣಿ ಇಲ್ಲೇ ಇವೆ. ಶಾಲೆ ಮಕ್ಕಳ ಗುಂಪು ಅಲ್ಲಿ ಮುತ್ತಿಕೊಂಡಿರುತ್ತದೆ. ಗುಂಪು ನನಗೆ ಆಗಿಬರುವುದಿಲ್ಲ, ಬೇಗ ದಾಟಿದೆ. ಅಕ್ಬರನ ಚಿತ್ರಶಾಲೆಯಲ್ಲಿ 1575ರ ಸುಮಾರಿಗೆ ತಯಾರಾದ 'ಅನ್ವಾರ್-ಎ-ಸುಹೈಲಿ' ಹಸ್ತಪ್ರತಿಯೂ ಈ ಸಂಗ್ರಹದ್ದೇ. ಹೆಸರು ಕೇಳಿ ದೂರದ್ದು ಅನ್ನಿಸಬಹುದು. ಅಲ್ಲ. ಅದು ಪಂಚತಂತ್ರದ ಪಾರಸಿ ರೂಪ. ನಮ್ಮ ದುರ್ಗಸಿಂಹ 11ನೇ ಶತಮಾನದಲ್ಲಿ ಕನ್ನಡಕ್ಕೆ ತಂದ ಕಥೆಗಳ ಬಳಗದ್ದೇ. ಸಿಂಹ, ನರಿ, ಎತ್ತು ಅರಬ್ಬೀ ದಾಟಿ, ಪಾರಸಿ ಸೇರಿ, ಮೊಘಲ್ ಚಿತ್ರಕಾರರ ಕುಂಚಕ್ಕೆ ಬಂದು ಕೂತಿವೆ.

ನಾನು ಅತಿ ಹೆಚ್ಚು ಹೊತ್ತು ನಿಂತದ್ದು ಬೀದರಿನ ಒಂದು ಹುಕ್ಕಾ ಬುಡದ ಮುಂದೆ. ಎಳನೀರಿನಷ್ಟು ಗಾತ್ರ. ಕಪ್ಪು ಮೈಮೇಲೆ ಬೆಳ್ಳಿಯ ಹೂವಿನ ಗಿಡಗಳು, ಒಂದೊಂದಕ್ಕೂ ಬೇರೆ ಬೇರೆ ಬಾಗು. ಒಂದು ಎಲೆಯ ತುದಿಯಲ್ಲಿ ಬೆಳ್ಳಿ ಎದ್ದು ಹೋಗಿದೆ. ಅಲ್ಲಿ ಉಳಿಯಿಂದ ಕೊರೆದ ಸಣ್ಣ ಕಾಲುವೆ ಕಾಣುತ್ತದೆ, ಕೂದಲೆಳೆಯಷ್ಟು. ಮಗಳಿಗೆ ಅದನ್ನೇ ತೋರಿಸಿ ಹೇಳಿದೆ. ಸತುವಿಗೆ ಸ್ವಲ್ಪ ತಾಮ್ರ ಬೆರೆಸಿ ಎರಕ ಹೊಯ್ಯುತ್ತಾರೆ. ಮೇಲೆ ಕೊರೆದು, ಆ ಗೀರಿನೊಳಗೆ ಬೆಳ್ಳಿ ತಂತಿ ಕೂರಿಸಿ ಬಡಿಯುತ್ತಾರೆ. ಕೊನೆಗೆ ಬೀದರ್ ಕೋಟೆಯ ಮಣ್ಣಿಗೆ ನವಸಾಗರ ಸೇರಿಸಿ ಹಚ್ಚಿದರೆ ಲೋಹ ಕಪ್ಪಾಗುತ್ತದೆ, ಬೆಳ್ಳಿ ಬೆಳ್ಳಗೇ ಉಳಿಯುತ್ತದೆ. ಬಹಮನಿ ಕಾಲದಿಂದ ಬಂದ ಕೆಲಸ, ಇವತ್ತಿಗೂ ಬೀದರಿನಲ್ಲಿ ಕುಟುಂಬಗಳು ಮಾಡುತ್ತಿವೆ. ಅವಳು ಗಾಜಿಗೆ ಮೂಗು ಒತ್ತಿ ನಿಂತಳು. ಕಾವಲಿನವರು ಏನೂ ಅನ್ನಲಿಲ್ಲ, ಸುಮ್ನೆ ನಕ್ಕರು.

ದಖನಿ ಚಿತ್ರಗಳಿಗೆ ಒಂದು ಗಂಟೆ ಬೇರೆಯೇ ಇಡಿ. ಹೋಗುವ ಮುಂಚೆ ಎರಡನೇ ಇಬ್ರಾಹಿಂ ಆದಿಲ್ ಶಾಹನ ಬಗ್ಗೆ ಸ್ವಲ್ಪ ಓದಿಕೊಳ್ಳಿ. 1580ರಿಂದ 1627ರವರೆಗೆ ನಮ್ಮ ವಿಜಾಪುರವನ್ನು ಆಳಿದವನು. ದಖನಿ ಭಾಷೆಯಲ್ಲಿ 'ಕಿತಾಬ್-ಎ-ನವರಸ' ಅನ್ನುವ ಹಾಡುಗಳ ಪುಸ್ತಕ ಬರೆದ, ಅದರಲ್ಲಿ ಸರಸ್ವತಿಯನ್ನೂ ಗಣಪತಿಯನ್ನೂ ಹಾಡಿದ. ತನ್ನ ತಂಬೂರಿಗೆ ಮೋತಿ ಖಾನ್ ಅಂತ ಹೆಸರಿಟ್ಟು ಪ್ರೀತಿಸಿದವನು. ಇಷ್ಟು ಗೊತ್ತಿದ್ದರೆ ಆ ಚಿತ್ರಗಳ ನೇರಳೆ, ಬಂಗಾರದ ಬಣ್ಣ ಬೇರೆಯೇ ಕಾಣುತ್ತದೆ. ಮೊಘಲ್ ಚಿತ್ರದಲ್ಲಿ ಲೆಕ್ಕಾಚಾರ ಹೆಚ್ಚು, ನಮ್ಮ ಕಡೆಯದರಲ್ಲಿ ಕನಸು ಹೆಚ್ಚು. ಇದು ನನ್ನ ಅಭಿಪ್ರಾಯ, ಮೂವತ್ತು ವರ್ಷ ಬಣ್ಣ ಕಲಸಿದವಳದ್ದು. ವಾರದ ನಡುವೆ, ಬೆಳಿಗ್ಗೆ ಬಾಗಿಲು ತೆಗೆಯುವ ಹೊತ್ತಿಗೇ ಹೋಗಿ. ಹನ್ನೆರಡರ ನಂತರ ಜನ ತುಂಬುತ್ತಾರೆ.

ಮೂರನೇ ದಿನ ಮಾಟುಂಗದಲ್ಲಿ ನಮ್ಮ ಸೋದರತ್ತೆ ಮನೆಯಲ್ಲಿದ್ದೆವು. ಸಂಜೆ ಹಾಜಿ ಅಲಿ ದರ್ಗಾಕ್ಕೆ ಹೊರಟೆವು. ಸಮುದ್ರದ ನಡುವಿನ ಆ ದಾರಿಯಲ್ಲಿ ಜನ ಎಷ್ಟು ಅಂದರೆ ಅರ್ಧಕ್ಕೇ ಉಸಿರು ಕಟ್ಟಿದ ಹಾಗಾಗಿ ನಾನು ತಿರುಗಿ ಬಂದೆ. ಭಾನುವಾರ ಹೋಗಬಾರದಿತ್ತು. ನೀವು ಹೋಗುವುದಾದರೆ ಉಬ್ಬರದ ಹೊತ್ತು ನೋಡಿಕೊಂಡು ಹೋಗಿ, ನೀರೇರಿದರೆ ದಾರಿ ಮುಳುಗುತ್ತದೆ. ಅದಕ್ಕಿಂತ ನನ್ನ ಮನಸ್ಸಿಗೆ ಹಿಡಿದದ್ದು ಮಾಹಿಮ್ ದರ್ಗಾ. ಮಾಟುಂಗದಿಂದ ದೂರವಿಲ್ಲ. ಅಲ್ಲಿರುವುದು ಮಖ್ದೂಮ್ ಅಲಿ ಮಾಹಿಮಿ ಅವರ ಸಮಾಧಿ. 1372ರಿಂದ 1431ರವರೆಗೆ ಬದುಕಿದ್ದ ಕೊಂಕಣ ಸೀಮೆಯ ವಿದ್ವಾಂಸರು, ಕುರಾನಿಗೆ ಅರಬ್ಬಿಯಲ್ಲಿ ವ್ಯಾಖ್ಯಾನ ಬರೆದವರು. ಅವರ ಉರುಸಿನಲ್ಲಿ ಮೊದಲ ಚಾದರ ಹೊದಿಸುವುದು ಮುಂಬಯಿ ಪೊಲೀಸರು.

ನಾಲ್ಕನೇ ದಿನ ಬೆಳಿಗ್ಗೆ ಎಂಟಕ್ಕೆ, ಭೇಂಡಿ ಬಜಾರಿಗೆ ಅಂತ ಲೋಕಲ್ ಹತ್ತಿ ಮಸ್ಜಿದ್ ಸ್ಟೇಷನ್ನಿನಲ್ಲಿ ಇಳಿದೆವು. ಸಿಎಸ್‌ಎಂಟಿ, ಅಂದರೆ ಛತ್ರಪತಿ ಶಿವಾಜಿ ಮಹಾರಾಜ ಟರ್ಮಿನಸ್ಸಿನಿಂದ ಮೊದಲನೇ ಸ್ಟೇಷನ್. ಹೆಸರು ಮಸ್ಜಿದ್ ಆದರೂ ಅದು ಬಂದದ್ದು ಮಸೀದಿಯಿಂದಲ್ಲ, ಹತ್ತಿರದಲ್ಲಿರುವ ಯಹೂದಿಗಳ ಪ್ರಾರ್ಥನಾ ಮಂದಿರದಿಂದ. 1796ರದ್ದು. ಸುತ್ತಲಿನ ಜನ ಅದನ್ನು ಜೂನಿ ಮಸ್ಜಿದ್, ಅಂದರೆ ಹಳೆ ಮಸೀದಿ ಅನ್ನುತ್ತಿದ್ದರು. ಇದನ್ನೂ ಆ ಗೈಡ್ ಹೇಳಲಿಲ್ಲ.

ಇನ್ನು ಅವತ್ತು ನಾವು ಊಟ ಮಾಡಿದ ಹೋಟೆಲ್. ಮೊಘಲ್ ಮಸೀದಿಯ ಕಡೆ ಹೋಗುವ ಇಮಾಮ್‌ವಾಡಾ ರಸ್ತೆಯ ಹತ್ತಿರ, ಒಂದು ಓಣಿಯ ಮೂಲೆಯಲ್ಲಿ. ಬೋರ್ಡು ಉರ್ದುವಿನಲ್ಲಿ ಮಾತ್ರ. ಐದೇ ಟೇಬಲ್, ಹಸಿರು ಬಣ್ಣದ ಬಾಗಿಲು, ಹೊರಗೆ ಚಹಾ ಕುದಿಸುವ ದೊಡ್ಡ ಸಮಾವರ್. ನಾವು ಸಸ್ಯಾಹಾರಿಗಳು, ಇಲ್ಲಿ ಏನೂ ಸಿಗಲಾರದು ಅಂತ ಬಾಗಿಲಲ್ಲೇ ನಿಂತು ಕನ್ನಡದಲ್ಲಿ ಮಾತಾಡಿಕೊಳ್ಳುತ್ತಿದ್ದೆವು. ಗಲ್ಲಾದಲ್ಲಿದ್ದ ಯಜಮಾನರು ಎದ್ದು ಬಂದರು.

"ಎಲ್ಲಿಯವರು ಅಕ್ಕ ನೀವು?"

"ವಿಜಾಪುರದವ್ರು."

"ನಾನು ಉಪ್ಪಿನಂಗಡಿ ಮಾರಾಯ್ರೆ! ಬನ್ನಿ, ಕೂತ್ಕೊಳ್ಳಿ, ಮೊದಲು ಚಾ ಕುಡೀರಿ."

ಬ್ಯಾರಿಗಳು, ಅಂದರೆ ನಮ್ಮ ಕರಾವಳಿಯ ಮುಸ್ಲಿಮರು. ಅಪ್ಪನ ಕಾಲದಲ್ಲೇ ಮುಂಬಯಿಗೆ ಬಂದವರು. ಮಾಂಸದ ಅಡುಗೆಯ ಸೌಟು ಮುಟ್ಟದೆ, ಬೇರೆ ಬಾಣಲೆ ತೊಳೆದು ದಾಲ್ ಒಗ್ಗರಣೆ ಹಾಕಿಸಿದರು. ಬೆಳ್ಳುಳ್ಳಿ ಕೆಂಪಗೆ ಹುರಿದು ಮೇಲೆ ಸುರಿದ ದಾಲ್, ತಂದೂರಿನಿಂದ ಆಗಷ್ಟೇ ತೆಗೆದ ಖಮೀರಿ ರೋಟಿ. ಅದಕ್ಕೂ ಮೊದಲು ಬ್ರುನ್ ಮಸ್ಕಾ. ಬ್ರುನ್ ಅಂದರೆ ಮೇಲ್ಮೈ ಗಟ್ಟಿಯಾದ ಪಾವ್. ಅಡ್ಡ ಸೀಳಿ ಧಾರಾಳ ಬೆಣ್ಣೆ ಬಳಿದು ಕೊಡುತ್ತಾರೆ. ಒಣಗಿದ್ದನ್ನು ಕಚ್ಚಿದರೆ ಒಸಡು ಗೀರುತ್ತದೆ, ಚಹಾದಲ್ಲಿ ಅದ್ದಿ ತಿನ್ನಬೇಕು. ಚಹಾ "ಪಾನಿ ಕಮ್" ಅಂತ ಕೇಳಿ, ನೀರು ಕಡಿಮೆ, ಹಾಲು ಜಾಸ್ತಿ. ಗ್ಲಾಸಿನ ಮೇಲೆ ಕೆನೆ ಕಟ್ಟಿತ್ತು. ಮೂವರ ಬಿಲ್ಲು 310 ರೂಪಾಯಿ. ಮಗಳ ಚಹಾಕ್ಕೆ ದುಡ್ಡು ತೆಗೆದುಕೊಳ್ಳಲಿಲ್ಲ, "ಊರಿನ ಮಗು" ಅಂದರು. ಹಿಂದಿನ ದಿನಗಳಲ್ಲಿ ಫೋರ್ಟ್ ಏರಿಯಾದ ಹೋಟೆಲಿನಲ್ಲಿ ಒಂದು ಸ್ಯಾಂಡ್‌ವಿಚ್ಚಿಗೇ 280 ಕೊಟ್ಟಿದ್ದೆವು.

ಗೈಡ್ ಮಾಡಬೇಕಿದ್ದ ಕೆಲಸವನ್ನೂ ಅವರೇ ಮಾಡಿದರು. ಶುಕ್ರವಾರ ಮಧ್ಯಾಹ್ನ ಯಾವ ಮಸೀದಿಗೂ ನೋಡಲು ಹೋಗಬೇಡಿ, ಬಾಗಿಲಲ್ಲಿರುವವರಿಗೆ ಸಲಾಂ ಹೇಳಿ "ನೋಡಬಹುದಾ" ಅಂತ ಕೇಳಿ, ತಲೆ ಮೇಲೆ ದುಪಟ್ಟಾ ಇರಲಿ, ಫೋಟೋಕ್ಕೆ ಬೇರೆಯೇ ಅನುಮತಿ ಕೇಳಿ ಅಂದರು. ಹಾಗೆಯೇ ಮಾಡಿದೆವು. ಯಾರೂ ತಡೆಯಲಿಲ್ಲ, ಯಾರೂ ದುಡ್ಡು ಕೇಳಲಿಲ್ಲ.

ಮೊಘಲ್ ಮಸೀದಿಯ ಬಾಗಿಲು ದಾಟಿದರೆ ರಸ್ತೆಯ ಗದ್ದಲ ನಿಂತೇ ಹೋಗುತ್ತದೆ. ಎರಡು ಮಿನಾರು, ಗುಮ್ಮಟವೇ ಇಲ್ಲ. ಇಡೀ ಮುಖ ನೀಲಿ ಹೆಂಚು, ಅಂದರೆ ಟೈಲ್ಸ್. ನೀಲಿ ಅಂದರೆ ಒಂದೇ ನೀಲಿಯಲ್ಲ, ನವಿಲಿನ ಕತ್ತಿನದ್ದು, ಆಕಾಶದ್ದು, ಇಂಕಿನದ್ದು. ನಡುವೆ ಹೌಜು, ಅಂದರೆ ನೀರಿನ ತೊಟ್ಟಿ, ಸುತ್ತ ಗಿಡಮರ. ನಾನು ಬ್ಯಾಗಿನಿಂದ ಪುಸ್ತಕ ತೆಗೆದು ಒಂದೇ ಒಂದು ಹೆಂಚಿನ ಬಳ್ಳಿಯನ್ನು ಬಿಡಿಸುತ್ತಾ ಕೂತೆ. ಬಳ್ಳಿ ಎಲ್ಲಿ ಮುಗಿಯುತ್ತದೆ, ಅಕ್ಷರ ಎಲ್ಲಿ ಶುರುವಾಗುತ್ತದೆ ಅಂತ ಪೆನ್ಸಿಲ್ ಇಟ್ಟು ನೋಡಿದಾಗಲೇ ತಿಳಿಯುವುದು. ಒಂದು ಗಂಟೆ ಹೋದದ್ದು ಗೊತ್ತಾಗಲಿಲ್ಲ.

ಕ್ರಾಫರ್ಡ್ ಮಾರ್ಕೆಟ್ ಹತ್ತಿರದ ಜಾಮಾ ಮಸೀದಿಗೆ ತಲುಪುವಾಗ ನಮಾಜಿಗೆ ಜನ ಸೇರುತ್ತಿದ್ದರು. ನಾನು, ಮಗಳು ಹೊರಗೇ ನಿಂತೆವು. ನಮ್ಮನೆಯವರು ಒಳಗೆ ಹೋಗಿ ಬಂದರು. 1802ರಲ್ಲಿ ಮುಗಿದ ಈ ಕಟ್ಟಡ ನಿಂತಿರುವುದೇ ಹಳೆಯ ಕೊಳದ ಮೇಲೆ. ಕೊಳದ ತಳದಲ್ಲಿ ಊಟೆ ಇದೆ. ನೀರಿನಿಂದ ಎದ್ದ ಕಲ್ಲಿನ ಕಮಾನುಗಳು ಮೇಲಿನ ಮಸೀದಿಯನ್ನು ಹೊತ್ತಿವೆ. ನೀರಲ್ಲಿ ಮೀನು ಇವೆ, ಆಮೆ ಇವೆ. ನೀವು ಹನ್ನೊಂದರ ಒಳಗೆ ಹೋಗಿ, ನಮ್ಮ ಹಾಗೆ ತಡ ಮಾಡಬೇಡಿ.

ಸಂಗೀತ ಕೇಳುವವರಿಗೆ ಇನ್ನೊಂದು ಮಾತು. ಈ ಓಣಿಗಳ ಹೆಸರಿನಲ್ಲೇ ಭೇಂಡಿ ಬಜಾರ್ ಘರಾಣೆ ಅನ್ನುವ ಹಿಂದೂಸ್ತಾನಿ ಗಾಯನದ ಪರಂಪರೆ ಇದೆ. ಉತ್ತರದಿಂದ ಬಂದ ಛಜ್ಜೂ ಖಾನ್, ನಜೀರ್ ಖಾನ್, ಖಾದಿಮ್ ಹುಸೇನ್ ಖಾನ್ ಅನ್ನುವ ಅಣ್ಣತಮ್ಮಂದಿರು ಇಲ್ಲಿ ನೆಲೆಸಿ ಬೆಳೆಸಿದ್ದು. ಛಜ್ಜೂ ಖಾನರ ಮಗ ಅಮಾನ್ ಅಲಿ ಖಾನ್ ನಮ್ಮ ಕರ್ನಾಟಕ ಸಂಗೀತದ ಹಂಸಧ್ವನಿ ರಾಗವನ್ನು ಹಿಂದೂಸ್ತಾನಿಗೆ ತಂದು ಹಾಡಿದವರು. ಅವರ ನೆನಪಿಗೆ ಒಂದು ಫಲಕವಾದರೂ ನನ್ನ ಕಣ್ಣಿಗೆ ಬೀಳಲಿಲ್ಲ. ಹಳೆ ಚಾಳುಗಳನ್ನು ಕೆಡವಿ ಎತ್ತರದ ಕಟ್ಟಡ ಏಳಿಸುತ್ತಿದ್ದಾರೆ. ಅಲ್ಲಿ ಬದುಕುವವರಿಗೆ ಒಳ್ಳೆಯ ಮನೆ ಬೇಕೇ ಬೇಕು. ಆದರೆ ನೋಡುವವರು ಬೇಗ ಹೋಗಿ.

ವಾಪಸ್ ಬರುವಾಗ ಬಸ್ಸಿನ ಸಹವಾಸ ಬೇಡ ಅಂತ ರೈಲಿಗೆ ಮಾಡಿಸಿದ್ದೆವು. ಸಿಎಸ್‌ಎಂಟಿಯಿಂದ ರಾತ್ರಿ ಹೊರಡುವ ಹೊಸಪೇಟೆ ರೈಲು ಸೊಲ್ಲಾಪುರ, ವಿಜಯಪುರದ ಮೇಲೆ ಹೋಗುತ್ತದೆ. ಹಬ್ಬದ ಹೊತ್ತಿನಲ್ಲಿ ಎರಡು ತಿಂಗಳು ಮುಂಚೆಯೇ ಟಿಕೆಟ್ ತೆಗೆಯಿರಿ. ಲಗೇಜನ್ನು ಕ್ಲೋಕ್ ರೂಮಿನಲ್ಲಿಟ್ಟು ಪಕ್ಕದ ಜನರಲ್ ಪೋಸ್ಟ್ ಆಫೀಸಿಗೆ ಹೋದೆವು. ಜಾನ್ ಬೆಗ್ ರೂಪಿಸಿದ ಕಟ್ಟಡ, 1913ರಲ್ಲಿ ಮುಗಿದದ್ದು. ಮ್ಯೂಸಿಯಂ ಕಟ್ಟಿದ ವಿಟೆಟ್ ಮೊದಲು ಇವರ ಸಹಾಯಕನಾಗಿದ್ದ. ರಸ್ತೆ ದಾಟುವಾಗಲೇ ಮಗಳು ನನ್ನ ಕೈ ಜಗ್ಗಿದಳು. "ಅವ್ವಾ, ಗೋಳಗುಮ್ಮಟ ನೋಡು!" ಅದೇ ಮಾದರಿ, ಯಾರೂ ಹೇಳಿಕೊಡದೆ ಗುರುತು ಹಿಡಿದಳು. ಒಳಗೆ ಹೋಗಿ ಗುಮ್ಮಟದ ಕೆಳಗೆ ನಿಂತು ಒಂದು ಸಲ ಚಪ್ಪಾಳೆ ಹೊಡೆದು ಕಿವಿಗೊಟ್ಟಳು. ಊರಿನ ಹಾಗೆ ಏಳು ಸಲ ತಿರುಗಿ ಬರಲಿಲ್ಲ. ಪಾರ್ಸೆಲ್ ಸಾಲಿನಲ್ಲಿದ್ದವರೆಲ್ಲ ಅವಳನ್ನು ನೋಡಿದರು. ಕೌಂಟರಿನಲ್ಲಿ ಒಂದು ಪೋಸ್ಟ್‌ಕಾರ್ಡ್ ಕೊಂಡು, ಅಲ್ಲೇ ಮೇಜಿನ ಮೇಲಿಟ್ಟು ಆ ಗುಮ್ಮಟ ಬಿಡಿಸಿ, ತನ್ನದೇ ಶಾಲೆಯ ವಿಳಾಸ ಬರೆದು ಡಬ್ಬಿಗೆ ಹಾಕಿದಳು. ನಾವು ಊರು ಸೇರಿದ ಐದನೇ ದಿನಕ್ಕೆ ಬಂತು.